ವಿಲಿಯಂ ಹೊರೇಶಿಯೊ ಬೇಟ್ಸ್

ವಿಲಿಯಂ ಹೊರೇಶಿಯೊ ಬೇಟ್ಸ್ (ಡಿಸೆಂಬರ್ 23, 1860 – ಜುಲೈ 10, 1931) ಅಮೆರಿಕ ಸಂಯುಕ್ತ ಸಂಸ್ಥಾನದ ನೇತ್ರವೈದ್ಯರು. ಕನ್ನಡಕದ ನೆರವಿಲ್ಲದೆ, ಕಣ್ಣು ಮತ್ತು ಮನಸ್ಸಿನ ವಿಶ್ರಾಂತಿಯಿಂದಲೇ ದೃಷ್ಟಿದೋಷವನ್ನು ನಿವಾರಿಸಬಹುದೆಂದು ಪ್ರತಿಪಾದಿಸಿದ 'ಬೇಟ್ಸ್ ವಿಧಾನ'ದ ಪ್ರವರ್ತಕರೆಂದು ಇವರು ಪ್ರಸಿದ್ಧರಾಗಿದ್ದಾರೆ. ಕಣ್ಣಿನ ವ್ಯಾಯಾಮ, ಅಂಗೈಗಳಿಂದ ಕಣ್ಣು ಮುಚ್ಚಿಕೊಳ್ಳುವುದು, ಸೂರ್ಯನ ಬೆಳಕಿನ ಸೇವನೆ ಮುಂತಾಗಿ ಇಂದು ಪ್ರಕೃತಿ ಚಿಕಿತ್ಸೆಯ ಹೆಸರಿನಲ್ಲಿ ಪ್ರಚಲಿತವಾಗಿರುವ ಅನೇಕ ದೃಷ್ಟಿ ಸುಧಾರಣಾ ಕ್ರಮಗಳ ಮೂಲ ಬೇಟ್ಸ್ ಅವರ ಬರಹಗಳಲ್ಲಿದೆ. ಅವರ ಸಿದ್ಧಾಂತವನ್ನು ವೈದ್ಯವಿಜ್ಞಾನವು ಅವರ ಜೀವಿತಕಾಲದಲ್ಲಿಯೂ ಆನಂತರವೂ ಒಪ್ಪಲಿಲ್ಲ. ಆದರೆ ಅದೇ ವೈದ್ಯರು 1896ರಲ್ಲಿ ಅಡ್ರಿನಲ್ ಗ್ರಂಥಿಯ ಸಾರವನ್ನು ಕಣ್ಣಿನ ಚಿಕಿತ್ಸೆಯಲ್ಲಿ ಬಳಸುವ ಬಗೆಯನ್ನು ಪ್ರಕಟಿಸಿದ್ದರು. ಅವರ ಈ ಕೊಡುಗೆ ಇಂದು ಹೆಚ್ಚು ಜನರಿಗೆ ತಿಳಿದಿಲ್ಲ.

ಜನನ ಮತ್ತು ಶಿಕ್ಷಣ

ಬೇಟ್ಸ್ ಅವರು ನ್ಯೂಜೆರ್ಸಿ ರಾಜ್ಯದ ನ್ಯೂಅರ್ಕ್ ನಗರದಲ್ಲಿ ಜನಿಸಿದರು. 1881ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಪದವಿ ಪಡೆದು, ನ್ಯೂಯಾರ್ಕ್‌ನ ಕಾಲೇಜ್ ಆಫ್ ಫಿಸಿಷಿಯನ್ಸ್ ಅಂಡ್ ಸರ್ಜನ್ಸ್‌ನಲ್ಲಿ ವೈದ್ಯಶಿಕ್ಷಣ ಮುಗಿಸಿದರು. 1885ರಲ್ಲಿ ಅವರಿಗೆ ವೈದ್ಯಪದವಿ ದೊರೆಯಿತು.

ಅವರು ವೃತ್ತಿಗಿಳಿದ ಕಾಲದಲ್ಲಿ ನೇತ್ರವಿಜ್ಞಾನವು ಹೊಸ ಬುನಾದಿಯ ಮೇಲೆ ನಿಂತಿತ್ತು. ಕಣ್ಣಿನ ಒಳಭಾಗವನ್ನು ನೋಡಲು ನೆರವಾಗುವ ಆಫ್ತಾಲ್ಮೋಸ್ಕೋಪ್ ಉಪಕರಣವನ್ನು ಜರ್ಮನಿಯ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಪರಿಚಯಿಸಿದ್ದರು. ಹತ್ತಿರದ ವಸ್ತುವನ್ನು ನೋಡುವಾಗ ಕಣ್ಣಿನ ಮಸೂರವು ಉಬ್ಬಿ ತನ್ನ ಆಕಾರವನ್ನು ಬದಲಿಸಿಕೊಳ್ಳುತ್ತದೆ ಎಂಬ ವಿವರಣೆಯೂ ಅವರದೇ. ದೃಷ್ಟಿ ಪರೀಕ್ಷೆಯ ಅಕ್ಷರ ಫಲಕವನ್ನು ಡಚ್ ವೈದ್ಯ ಹರ್ಮನ್ ಸ್ನೆಲ್ಲನ್ 1862ರಲ್ಲಿ ರೂಪಿಸಿದರು. ಅದೇ ದೇಶದ ಫ್ರಾನ್ಸಿಸ್ಕಸ್ ಡಾಂಡರ್ಸ್ 1864ರ ತಮ್ಮ ಗ್ರಂಥದಲ್ಲಿ ದೃಷ್ಟಿದೋಷಗಳನ್ನು ವರ್ಗೀಕರಿಸಿ, ಕನ್ನಡಕ ಕೊಡುವ ಕ್ರಮಕ್ಕೆ ವೈಜ್ಞಾನಿಕ ನೆಲೆ ಒದಗಿಸಿದರು. ಬೇಟ್ಸ್ ಕಲಿತದ್ದು ಈ ವಿದ್ಯೆಯನ್ನೇ. ಮುಂದೆ ವಿರೋಧಿಸಿದ್ದೂ ಇದನ್ನೇ.

ವೈದ್ಯವೃತ್ತಿ

ಪದವಿಯ ನಂತರ ಬೇಟ್ಸ್ ನ್ಯೂಯಾರ್ಕ್‌ನ ಹಲವು ಆಸ್ಪತ್ರೆಗಳಲ್ಲಿ ಸೇವೆ ಸಲ್ಲಿಸಿದರು. ಮ್ಯಾನ್‌ಹ್ಯಾಟನ್ ಕಣ್ಣು ಮತ್ತು ಕಿವಿ ಆಸ್ಪತ್ರೆ, ಬೆಲ್‌ವ್ಯೂ ಆಸ್ಪತ್ರೆ, ನ್ಯೂಯಾರ್ಕ್ ನೇತ್ರ ಚಿಕಿತ್ಸಾಲಯ ಇವುಗಳಲ್ಲಿ ಮುಖ್ಯವಾದವು. 1886ರಿಂದ 1891ರವರೆಗೆ ನ್ಯೂಯಾರ್ಕ್ ಪೋಸ್ಟ್‌ಗ್ರ್ಯಾಜುಯೇಟ್ ವೈದ್ಯಶಾಲೆಯಲ್ಲಿ ನೇತ್ರಶಾಸ್ತ್ರದ ಬೋಧಕರೂ ಆಗಿದ್ದರು. ಕಣ್ಣಿನ ಜೊತೆಗೆ ಕಿವಿಯ ಚಿಕಿತ್ಸೆಯಲ್ಲಿಯೂ ಅವರಿಗೆ ಪರಿಣತಿಯಿತ್ತು. ದೀರ್ಘಕಾಲದ ಕಿವುಡುತನಕ್ಕೆ ಕಿವಿಯ ತಮಟೆಯನ್ನು ಛೇದಿಸುವ ಒಂದು ಶಸ್ತ್ರಕ್ರಿಯೆಯನ್ನು ಅವರು 1886ರಲ್ಲಿ ಪರಿಚಯಿಸಿದರು.

ಈ ವರ್ಷಗಳಲ್ಲಿ ಅವರು ರೆಟಿನೋಸ್ಕೋಪ್ ಎಂಬ ಉಪಕರಣವನ್ನು ವ್ಯಾಪಕವಾಗಿ ಬಳಸಿದರು. ಕಣ್ಣಿನೊಳಗೆ ಬೆಳಕು ಹಾಯಿಸಿ, ಪಾಪೆಯಲ್ಲಿ ಕಾಣುವ ಪ್ರತಿಫಲನದ ಚಲನೆಯಿಂದ ದೃಷ್ಟಿದೋಷವನ್ನು ಅಳೆಯಲು ಅದು ಸಾಧನ. ಒಂದೇ ಕಣ್ಣಿನ ಅಳತೆಯು ಬೇರೆ ಬೇರೆ ಸಮಯಗಳಲ್ಲಿ, ರೋಗಿಯು ಆಯಾಸಗೊಂಡಾಗ ಅಥವಾ ನಿರಾಳವಾಗಿದ್ದಾಗ, ಬೇರೆ ಬೇರೆಯಾಗಿ ಕಾಣುತ್ತದೆಂದು ಅವರು ಗುರುತಿಸಿದರು. ದೃಷ್ಟಿದೋಷವು ಸ್ಥಿರವಾದುದಲ್ಲ, ಅದು ಬರುವುದೂ ಹೋಗುವುದೂ ಉಂಟು ಎಂಬ ಅವರ ನಂಬಿಕೆಗೆ ಈ ವೀಕ್ಷಣೆಯೇ ಬೀಜವಾಯಿತು.

ಅಡ್ರಿನಲ್ ಸಾರದ ಬಳಕೆ

ಮೂತ್ರಪಿಂಡಗಳ ಮೇಲ್ತುದಿಯಲ್ಲಿರುವ ಅಡ್ರಿನಲ್ ಗ್ರಂಥಿಗಳ ಸಾರವು ರಕ್ತದೊತ್ತಡವನ್ನು ಏರಿಸುತ್ತದೆಂದು ಜಾರ್ಜ್ ಆಲಿವರ್ ಮತ್ತು ಎಡ್ವರ್ಡ್ ಶೇಫರ್ 1890ರ ದಶಕದ ಮಧ್ಯಭಾಗದಲ್ಲಿ ಲಂಡನ್‌ನಲ್ಲಿ ತೋರಿಸಿದ್ದರು. ಅದೇ ಅವಧಿಯಲ್ಲಿ ಬೇಟ್ಸ್ ಈ ಗ್ರಂಥಿಯ ಜಲಸಾರವನ್ನು ಕಣ್ಣಿಗೆ ಹನಿಸಿ ಪರೀಕ್ಷಿಸಿದರು. ಹನಿ ಬಿದ್ದ ಕೆಲವೇ ಕ್ಷಣಗಳಲ್ಲಿ ಕಣ್ಣಿನ ಮೇಲ್ಪದರದ ರಕ್ತನಾಳಗಳು ಸಂಕುಚಿಸಿ, ಕೆಂಪಾದ ಕಣ್ಣು ಬೆಳ್ಳಗಾಗುವುದನ್ನೂ ರಕ್ತಸ್ರಾವ ತಗ್ಗುವುದನ್ನೂ ಕಂಡರು. ಈ ಫಲಿತಾಂಶವನ್ನು ಅವರು 1896ರಲ್ಲಿ ನ್ಯೂಯಾರ್ಕ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಣ್ಣು, ಮೂಗು, ಗಂಟಲುಗಳಂತಹ ರಕ್ತನಾಳ ದಟ್ಟವಾಗಿರುವ ಅಂಗಗಳ ಶಸ್ತ್ರಚಿಕಿತ್ಸೆಯಲ್ಲಿ ಇಂತಹ ದ್ರವ್ಯಕ್ಕೆ ಬಹಳ ಬೆಲೆಯಿತ್ತು.

ಕೆಲವು ವರ್ಷಗಳ ತರುವಾಯ ಜಪಾನ್ ಮೂಲದ ರಸಾಯನ ವಿಜ್ಞಾನಿ ಜೋಕಿಚಿ ತಾಕಾಮಿನೆ ಈ ಸಾರದಲ್ಲಿನ ಕ್ರಿಯಾಶೀಲ ಪದಾರ್ಥವನ್ನು ಹರಳುರೂಪದಲ್ಲಿ ಬೇರ್ಪಡಿಸಿದರು. ಅದು 'ಅಡ್ರಿನಾಲಿನ್' ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಬೇಟ್ಸ್ ಅವರ 1896ರ ಪ್ರಬಂಧವನ್ನು ಅಡ್ರಿನಾಲಿನ್ನಿನ ಚರಿತ್ರೆಯಲ್ಲಿ ಒಂದು ಮೆಟ್ಟಿಲೆಂದು ಪರಿಗಣಿಸಲಾಗುತ್ತದೆ. ಇತರ ವೈದ್ಯರೂ ಅದೇ ಹನಿಯನ್ನು ಹಾಕಿ ಅದೇ ಫಲವನ್ನು ಕಾಣಬಹುದಾಗಿದ್ದುದರಿಂದ ಈ ಸಂಶೋಧನೆ ಉಳಿಯಿತು.

ಕಣ್ಮರೆ

1902ರ ಆಗಸ್ಟ್ ಅಂತ್ಯದಲ್ಲಿ ಬೇಟ್ಸ್ ನ್ಯೂಯಾರ್ಕ್‌ನಿಂದ ಇದ್ದಕ್ಕಿದ್ದಂತೆ ಕಾಣೆಯಾದರು. ಕೆಲವು ಶಸ್ತ್ರಚಿಕಿತ್ಸೆಗಳಿಗಾಗಿ ಪರ ಊರಿಗೆ ಹೋಗುತ್ತಿರುವುದಾಗಿ ಪತ್ನಿಗೆ ಪತ್ರ ಬರೆದಿದ್ದರು. ಆಮೇಲೆ ಸುದ್ದಿಯಿರಲಿಲ್ಲ. ಸುಮಾರು ಆರು ವಾರಗಳ ನಂತರ ಅವರು ಲಂಡನ್‌ನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿರುವುದು ತಿಳಿಯಿತು. ಪತ್ನಿ ಸಮುದ್ರಯಾನ ಮಾಡಿ ಅಲ್ಲಿಗೆ ಹೋದಾಗ ಅವರು ಬಹಳ ಬಳಲಿದ್ದರು. ನಡೆದುದೇನೆಂಬುದರ ನೆನಪು ಅವರಿಗಿರಲಿಲ್ಲ. ಪತ್ನಿಯ ಆರೈಕೆಯಲ್ಲಿ ಹೋಟೆಲೊಂದರಲ್ಲಿದ್ದ ಅವರು ಎರಡು ದಿನಗಳಲ್ಲಿಯೇ ಮತ್ತೆ ಕಣ್ಮರೆಯಾದರು.

ಹಲವು ವರ್ಷಗಳ ಬಳಿಕ, 1910ರಲ್ಲಿ, ನಾರ್ತ್ ಡಕೋಟ ರಾಜ್ಯದ ಗ್ರ್ಯಾಂಡ್ ಫೋರ್ಕ್ಸ್ ಪಟ್ಟಣದಲ್ಲಿ ಅವರು ನೇತ್ರವೈದ್ಯರಾಗಿ ವೃತ್ತಿ ನಡೆಸುತ್ತಿರುವುದನ್ನು ನ್ಯೂಯಾರ್ಕ್‌ನ ಪರಿಚಿತ ವೈದ್ಯರೊಬ್ಬರು ಆಕಸ್ಮಿಕವಾಗಿ ಕಂಡರು. ಅನಂತರ ಬೇಟ್ಸ್ ನ್ಯೂಯಾರ್ಕ್‌ಗೆ ಮರಳಿ ಹಾರ್ಲೆಂ ಆಸ್ಪತ್ರೆಯಲ್ಲಿ 1922ರವರೆಗೆ ಸೇವೆ ಸಲ್ಲಿಸಿದರು. ಈ ಘಟನೆಯನ್ನು ಸ್ಮೃತಿಭ್ರಂಶದ ಒಂದು ಪ್ರಕರಣವೆಂದು ವಿವರಿಸುವುದು ವಾಡಿಕೆ.

ಶಾಲಾ ಮಕ್ಕಳ ದೃಷ್ಟಿ

ಓದು ಬರಹ ಹೆಚ್ಚಿದಂತೆ ಮಕ್ಕಳಲ್ಲಿ ಸಮೀಪದೃಷ್ಟಿ ಹೆಚ್ಚುತ್ತದೆಂಬ ಆತಂಕವು ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿಯೇ ಮೂಡಿತ್ತು. ಬೇಟ್ಸ್ ಅವರು ಗ್ರ್ಯಾಂಡ್ ಫೋರ್ಕ್ಸ್‌ನ ಶಾಲೆಗಳಲ್ಲಿ ಇದಕ್ಕೊಂದು ಸರಳ ಉಪಾಯವನ್ನು ಆಚರಣೆಗೆ ತಂದರು. ತರಗತಿಯ ಗೋಡೆಯ ಮೇಲೆ ಸ್ನೆಲ್ಲನ್ ಫಲಕವನ್ನು ತೂಗುಹಾಕಲಾಗುತ್ತಿತ್ತು. ಮಕ್ಕಳು ತಮ್ಮ ಸ್ಥಳದಲ್ಲಿ ಕುಳಿತೇ, ಪ್ರತಿದಿನ ಒಮ್ಮೆಯಾದರೂ ಒಂದೊಂದೇ ಕಣ್ಣಿನಿಂದ, ತಮಗೆ ಕಾಣುವ ಅತಿ ಚಿಕ್ಕ ಅಕ್ಷರಗಳನ್ನು ಮೌನವಾಗಿ ಓದಬೇಕಾಗಿತ್ತು. ಪರಿಚಿತವಾದ ದೂರದ ವಸ್ತುವನ್ನು ನೋಡುವ ಅಭ್ಯಾಸವು ಕಣ್ಣಿನ ಬಿಗಿತವನ್ನು ಸಡಿಲಿಸುತ್ತದೆ ಎಂಬುದು ಇದರ ಹಿಂದಿನ ತರ್ಕ. ಮುಂದೆ ನ್ಯೂಯಾರ್ಕ್‌ನ ಕೆಲವು ಶಾಲೆಗಳಲ್ಲಿಯೂ ಇದನ್ನು ಪ್ರಯೋಗಿಸಲಾಯಿತು. ಮಕ್ಕಳ ಸಮೀಪದೃಷ್ಟಿಯನ್ನು ತಡೆಗಟ್ಟುವ ಬಗ್ಗೆ 1911ರಲ್ಲಿ ಅವರು ಪ್ರಬಂಧವನ್ನು ಪ್ರಕಟಿಸಿದರು.

ಮಕ್ಕಳ ದೃಷ್ಟಿ ಗಮನಾರ್ಹವಾಗಿ ಸುಧಾರಿಸಿತೆಂದು ಬೇಟ್ಸ್ ವರದಿ ಮಾಡಿದರು. ಆದರೆ ದಿನವೂ ನೋಡುವ ಫಲಕದ ಅಕ್ಷರಗಳು ಬಾಯಿಪಾಠವಾಗುವುದು ಸಹಜ. ಅದೇ ಫಲಕದಿಂದ ದೃಷ್ಟಿಯನ್ನು ಅಳೆದರೆ ನೆನಪು ಯಾವುದು, ನೋಟ ಯಾವುದು ಎಂದು ಬೇರ್ಪಡಿಸುವುದು ಕಷ್ಟವಾಗುತ್ತದೆ.

ಸಿದ್ಧಾಂತ

ಕಣ್ಣು ಹತ್ತಿರದ ಮತ್ತು ದೂರದ ವಸ್ತುಗಳಿಗೆ ಹೊಂದಿಕೊಳ್ಳುವುದು ಮಸೂರದಿಂದಲ್ಲ, ಕಣ್ಣುಗುಡ್ಡೆಯ ಹೊರಗಿನ ಸ್ನಾಯುಗಳಿಂದ ಎಂಬುದು ಬೇಟ್ಸ್ ಅವರ ವಾದದ ತಿರುಳು. ಪ್ರತಿ ಕಣ್ಣಿಗೆ ನಾಲ್ಕು ನೇರ ಸ್ನಾಯುಗಳೂ ಎರಡು ಓರೆ ಸ್ನಾಯುಗಳೂ ಇವೆ. ಓರೆ ಸ್ನಾಯುಗಳು ಗುಡ್ಡೆಯನ್ನು ಹಿಂಡಿ ಉದ್ದವಾಗಿಸುವುದರಿಂದ ಸಮೀಪದ ವಸ್ತು ಸ್ಪಷ್ಟವಾಗುತ್ತದೆ, ನೇರ ಸ್ನಾಯುಗಳು ಅದನ್ನು ಚಿಕ್ಕದಾಗಿಸುವುದರಿಂದ ದೂರದ ವಸ್ತು ಕಾಣುತ್ತದೆ ಎಂದು ಅವರು ಭಾವಿಸಿದರು. ನೋಡಲು ಹೆಣಗುವ ಮಾನಸಿಕ ಪ್ರಯಾಸದಿಂದ ಈ ಸ್ನಾಯುಗಳು ಬಿಗಿದುಕೊಂಡಾಗ ದೃಷ್ಟಿದೋಷ ಉಂಟಾಗುತ್ತದೆ. ಪ್ರಯಾಸವನ್ನು ಬಿಟ್ಟರೆ ದೋಷವೂ ಬಿಡುತ್ತದೆ. ಕನ್ನಡಕವಾದರೋ ಬಿಗಿತವನ್ನು ಖಾಯಂಗೊಳಿಸುತ್ತದೆ ಎಂಬುದು ಅವರ ನಿಲುವು. ಸಮೀಪದೃಷ್ಟಿ, ದೂರದೃಷ್ಟಿ, ಅಸಮದೃಷ್ಟಿಗಳಿಗೆ ಮಾತ್ರವಲ್ಲದೆ ಚಾಳೀಸು, ಮೆಳ್ಳೆಗಣ್ಣುಗಳಿಗೂ, ಕಡೆಗೆ ಕಣ್ಣಿನ ಪೊರೆ ಮತ್ತು ಗ್ಲಾಕೋಮಾದಂತಹ ಕಾಯಿಲೆಗಳಿಗೂ ಅವರು ಈ ಪ್ರಯಾಸವನ್ನೇ ಕಾರಣವಾಗಿ ಕಂಡರು.

ತಮ್ಮ ವಾದಕ್ಕೆ ಆಧಾರವಾಗಿ ಅವರು ಮೀನು, ಮೊಲ ಮುಂತಾದ ಪ್ರಾಣಿಗಳ ಕಣ್ಣಿನ ಸ್ನಾಯುಗಳನ್ನು ವಿದ್ಯುತ್ತಿನಿಂದ ಪ್ರಚೋದಿಸಿ, ಕೆಲವನ್ನು ಕತ್ತರಿಸಿ ಪ್ರಯೋಗ ನಡೆಸಿದರು. ಮಸೂರದ ಮೇಲ್ಮೈಯಲ್ಲಿ ಪ್ರತಿಬಿಂಬಿಸುವ ಬೆಳಕಿನ ಛಾಯಾಚಿತ್ರಗಳನ್ನು ತೆಗೆದು, ಹೊಂದಾಣಿಕೆಯ ಸಮಯದಲ್ಲಿ ಅಲ್ಲಿ ಬದಲಾವಣೆ ಕಾಣುವುದಿಲ್ಲವೆಂದರು. ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಮಸೂರವನ್ನೇ ತೆಗೆಸಿಕೊಂಡವರಲ್ಲಿ ಕೆಲವರು ಒಂದೇ ಕನ್ನಡಕದಿಂದ ದೂರವನ್ನೂ ಹತ್ತಿರವನ್ನೂ ನೋಡಬಲ್ಲರೆಂಬುದನ್ನು ಮತ್ತೊಂದು ಸಾಕ್ಷ್ಯವಾಗಿ ಮುಂದಿಟ್ಟರು. ಚಿಕ್ಕ ಪಾಪೆಯ ಮೂಲಕ ಬರುವ ಬಿಂಬದ ಮಸುಕು ತಾನಾಗಿಯೇ ಕಡಿಮೆಯಾಗುವುದರಿಂದ ಹಾಗೆ ಕಾಣುವುದು ಸಾಧ್ಯ ಎಂಬುದು ಇದಕ್ಕೆ ನೇತ್ರವಿಜ್ಞಾನದ ಉತ್ತರ.

ಬೇಟ್ಸ್ ವಿಧಾನದ ಅಭ್ಯಾಸಗಳು

ಬೇಟ್ಸ್ ಬೋಧಿಸಿದ ಅಭ್ಯಾಸಗಳಲ್ಲಿ ಮುಖ್ಯವಾದವು ಇವು.

ಪಾಮಿಂಗ್: ಅಂಗೈಗಳನ್ನು ಬಟ್ಟಲಿನಂತೆ ಮಾಡಿ, ಗುಡ್ಡೆಗಳ ಮೇಲೆ ಒತ್ತಡ ಬೀಳದಂತೆ ಮುಚ್ಚಿದ ಕಣ್ಣುಗಳ ಮೇಲಿಟ್ಟುಕೊಂಡು ಕತ್ತಲನ್ನು ಅನುಭವಿಸುವುದು. ಮನಸ್ಸು ವಿಶ್ರಾಂತವಾದಷ್ಟೂ ಕತ್ತಲು ದಟ್ಟವಾಗುತ್ತದೆಂದು ಅವರು ಹೇಳುತ್ತಿದ್ದರು.

ತೂಗಾಟ: ನಿಂತು ದೇಹವನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸುತ್ತ, ಎದುರಿನ ವಸ್ತುಗಳು ವಿರುದ್ಧ ದಿಕ್ಕಿಗೆ ಚಲಿಸುವಂತೆ ಕಾಣುವುದನ್ನು ಗಮನಿಸುವುದು. ದಿಟ್ಟಿಸಿ ನೋಡುವ ಚಟವನ್ನು ಬಿಡಿಸುವುದು ಇದರ ಉದ್ದೇಶ.

ಕೇಂದ್ರೀಕೃತ ನೋಟ: ಇಡೀ ಪುಟವನ್ನು ಅಥವಾ ಪದವನ್ನು ಒಟ್ಟಿಗೆ ನೋಡದೆ, ಒಂದು ಬಿಂದುವನ್ನು ಉಳಿದುದಕ್ಕಿಂತ ಸ್ಪಷ್ಟವಾಗಿ ಕಾಣುವಂತೆ ನೋಟವನ್ನು ಬಿಂದುವಿನಿಂದ ಬಿಂದುವಿಗೆ ಸರಿಸುವುದು. ಅಕ್ಷಿಪಟಲದ ನಡುಭಾಗದಲ್ಲಿ ಮಾತ್ರ ನೋಟವು ತೀಕ್ಷ್ಣವಾಗಿರುತ್ತದೆಂಬ ನಿಜಸಂಗತಿಯು ಇದಕ್ಕೆ ಹಿನ್ನೆಲೆ.

ನೆನಪು ಮತ್ತು ಕಲ್ಪನೆ: ಕಪ್ಪು ಚುಕ್ಕೆ ಅಥವಾ ಪರಿಚಿತ ಅಕ್ಷರವನ್ನು ಮನಸ್ಸಿನಲ್ಲಿ ಸ್ಪಷ್ಟವಾಗಿ ತಂದುಕೊಂಡು ಫಲಕವನ್ನು ಓದುವುದು.

ಸೂರ್ಯರಶ್ಮಿಯ ಸೇವನೆ: ಬೇಟ್ಸ್ ಆರಂಭದಲ್ಲಿ ಸೂರ್ಯನನ್ನು ನೇರವಾಗಿ ನೋಡುವುದನ್ನೂ, ಮಸೂರದಿಂದ ಬಿಸಿಲನ್ನು ಕಣ್ಣಿನ ಬಿಳಿಭಾಗದ ಮೇಲೆ ಕ್ಷಣಕಾಲ ಕೇಂದ್ರೀಕರಿಸುವುದನ್ನೂ ಸೂಚಿಸಿದ್ದರು. ಮುಂದೆ ಅವರ ವಿಧಾನವನ್ನು ಬೋಧಿಸಿದವರು ಸಾಮಾನ್ಯವಾಗಿ ಮುಚ್ಚಿದ ರೆಪ್ಪೆಗಳ ಮೇಲೆ ಬಿಸಿಲು ಬೀಳಿಸುವುದಕ್ಕೆ ಇದನ್ನು ಸೀಮಿತಗೊಳಿಸಿದರು. ಸೂರ್ಯನನ್ನು ದಿಟ್ಟಿಸುವುದರಿಂದ ಅಕ್ಷಿಪಟಲದ ನಡುಭಾಗಕ್ಕೆ ಶಾಶ್ವತ ಹಾನಿಯಾಗಬಹುದು. ಅಲ್ಲಿ ನೋವಿನ ಸಂವೇದನೆ ಇಲ್ಲದಿರುವುದರಿಂದ ಹಾನಿಯಾಗುತ್ತಿರುವುದು ಆ ಕ್ಷಣದಲ್ಲಿ ತಿಳಿಯುವುದಿಲ್ಲ.

ಪ್ರಕಟಣೆಗಳು ಮತ್ತು ವಿವಾದ

1917ರಲ್ಲಿ ಬೇಟ್ಸ್ ಅವರು 'ಫಿಸಿಕಲ್ ಕಲ್ಚರ್' ಪತ್ರಿಕೆಯ ಪ್ರಕಾಶಕ, ದೇಹದಾರ್ಢ್ಯದ ಪ್ರಚಾರಕ ಬರ್ನಾರ್ ಮ್ಯಾಕ್‌ಫ್ಯಾಡನ್ ಅವರೊಂದಿಗೆ ಸೇರಿ ಕಣ್ಣಿನ ತರಬೇತಿಯ ಪಾಠಮಾಲೆಯೊಂದನ್ನು ಹೊರತಂದರು. ಅಂಚೆಯ ಮೂಲಕ ಮಾರಾಟವಾದ ಈ ಪಾಠಗಳಿಂದ ಅವರ ಹೆಸರು ವೈದ್ಯವಲಯದಾಚೆಗೆ ಹರಡಿತು. ಜುಲೈ 1919ರಿಂದ ಜೂನ್ 1930ರವರೆಗೆ 'ಬೆಟರ್ ಐಸೈಟ್' ಎಂಬ ಮಾಸಪತ್ರಿಕೆಯನ್ನು ನಡೆಸಿದರು. 1920ರಲ್ಲಿ 'ಪರ್ಫೆಕ್ಟ್ ಸೈಟ್ ವಿದೌಟ್ ಗ್ಲಾಸಸ್' ಎಂದು ಪ್ರಸಿದ್ಧವಾದ ಪ್ರಮುಖ ಗ್ರಂಥವನ್ನು ತಾವೇ ಪ್ರಕಟಿಸಿದರು. ಹಾರ್ಲೆಂ ಆಸ್ಪತ್ರೆಯಲ್ಲಿ ಅವರ ಸಹಾಯಕಿಯಾಗಿದ್ದ ಎಮಿಲಿ ಲೈರ್‌ಮನ್ ಅಲ್ಲಿನ ರೋಗಿಗಳ ಅನುಭವಗಳನ್ನು 1926ರಲ್ಲಿ ಪುಸ್ತಕರೂಪದಲ್ಲಿ ತಂದರು.

ವೃತ್ತಿಬಾಂಧವರು ಈ ಬರಹಗಳನ್ನು ತಿರಸ್ಕರಿಸಿದರು. ಗುಣಮುಖರಾದವರ ಕಥೆಗಳು ಹೇರಳವಾಗಿದ್ದವು. ಆದರೆ ಅಭ್ಯಾಸ ಮಾಡಿದವರನ್ನು ಮಾಡದವರೊಂದಿಗೆ ಹೋಲಿಸಿದ ಪರೀಕ್ಷೆಗಳಿರಲಿಲ್ಲ. 1929ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಪುಸ್ತಕದ ಜಾಹೀರಾತಿನಲ್ಲಿ ದಾರಿತಪ್ಪಿಸುವ ಹೇಳಿಕೆಗಳಿವೆಯೆಂದು ಅವರ ವಿರುದ್ಧ ದೂರು ದಾಖಲಿಸಿತು.

ಕೊನೆಯ ವರ್ಷಗಳು

1928ರಲ್ಲಿ ಬೇಟ್ಸ್ ಎಮಿಲಿ ಲೈರ್‌ಮನ್ ಅವರನ್ನು ವಿವಾಹವಾದರು. ಎರಡು ವರ್ಷಗಳ ನಂತರ ಮಾಸಪತ್ರಿಕೆ ನಿಂತಿತು. 1931ರ ಜುಲೈ 10ರಂದು ಬೇಟ್ಸ್ ನಿಧನರಾದರು. 1940ರ ದಶಕದಲ್ಲಿ ಎಮಿಲಿಯವರ ನೆರವಿನಿಂದ ಅವರ ಗ್ರಂಥದ ಪರಿಷ್ಕೃತ, ಸಂಕ್ಷಿಪ್ತ ಆವೃತ್ತಿ ಹೊರಬಂದಿತು. ಇಂದು ಬಹುಮಂದಿ ಓದುಗರು ಬಲ್ಲ ಬೇಟ್ಸ್ ವಿಧಾನವು ಈ ಆವೃತ್ತಿಯದೇ.

ಅನುಯಾಯಿಗಳು

ಬೇಟ್ಸ್ ಅವರ ಶಿಷ್ಯೆ ಮಾರ್ಗರೆಟ್ ಕಾರ್ಬೆಟ್ ಕ್ಯಾಲಿಫೋರ್ನಿಯದಲ್ಲಿ ಈ ವಿಧಾನವನ್ನು ಬೋಧಿಸಿದರು. ಪರವಾನಗಿಯಿಲ್ಲದೆ ವೈದ್ಯವೃತ್ತಿ ನಡೆಸಿದ ಆರೋಪ ಅವರ ಮೇಲೆ ಬಂದು, ನ್ಯಾಯಾಲಯದಲ್ಲಿ ಬಿಡುಗಡೆಯಾಯಿತು. ಅವರ ವಿದ್ಯಾರ್ಥಿಗಳಲ್ಲಿ ಅತ್ಯಂತ ಪ್ರಸಿದ್ಧರಾದವರು ಇಂಗ್ಲಿಷ್ ಲೇಖಕ ಆಲ್ಡಸ್ ಹಕ್ಸ್‌ಲಿ. ಹದಿನಾರನೆಯ ವಯಸ್ಸಿನಲ್ಲಿ ಕಾರ್ನಿಯಾದ ಉರಿಯೂತದಿಂದ ಬಹುಪಾಲು ದೃಷ್ಟಿ ಕಳೆದುಕೊಂಡಿದ್ದ ಹಕ್ಸ್‌ಲಿ, 1939ರಲ್ಲಿ ಈ ಅಭ್ಯಾಸಗಳನ್ನು ಆರಂಭಿಸಿದರು. ತಮಗೆ ದೊರೆತ ಪ್ರಯೋಜನವನ್ನು 1942ರ 'ದಿ ಆರ್ಟ್ ಆಫ್ ಸೀಯಿಂಗ್' ಕೃತಿಯಲ್ಲಿ ವಿವರಿಸಿದರು. ಆದರೆ 1952ರಲ್ಲಿ ಸಭೆಯೊಂದರಲ್ಲಿ ಕನ್ನಡಕವಿಲ್ಲದೆ ಭಾಷಣ ಓದುತ್ತಿದ್ದ ಅವರು ನಡುವೆ ತಡವರಿಸಿ, ಭೂತಗನ್ನಡಿಯನ್ನು ಹೊರತೆಗೆಯಬೇಕಾಯಿತು. ಅಲ್ಲಿಯವರೆಗೆ ಅವರು ಕಂಠಪಾಠ ಮಾಡಿದ್ದನ್ನು ಒಪ್ಪಿಸುತ್ತಿದ್ದರೆಂದು ಅಲ್ಲಿದ್ದ ಪ್ರಕಾಶಕ ಬೆನೆಟ್ ಸರ್ಫ್ ದಾಖಲಿಸಿದ್ದಾರೆ.

ಭಾರತದಲ್ಲಿ ಈ ವಿಧಾನವನ್ನು ಹರಡಿದವರಲ್ಲಿ ದೆಹಲಿಯ ನೇತ್ರವೈದ್ಯ ಡಾ. ಆರ್. ಎಸ್. ಅಗರ್ವಾಲ್ ಪ್ರಮುಖರು. ಬೇಟ್ಸ್ ಅವರ ಅಭ್ಯಾಸಗಳಿಗೆ ಯೋಗದ ಚಿಂತನೆಯನ್ನು ಜೋಡಿಸಿ ಅವರು ಪುಸ್ತಕಗಳನ್ನು ಬರೆದರು. ಪುದುಚೇರಿಯ ಶ್ರೀ ಅರವಿಂದಾಶ್ರಮದ ದೃಷ್ಟಿ ತರಬೇತಿ ಶಾಲೆಯು ಅವರ ಹೆಸರಿನೊಂದಿಗೆ ಬೆಸೆದುಕೊಂಡಿದೆ.

ವೈಜ್ಞಾನಿಕ ಮೌಲ್ಯಮಾಪನ

ಕಣ್ಣಿನ ಹೊಂದಾಣಿಕೆಯು ಮಸೂರದಿಂದಲೇ ಆಗುತ್ತದೆಂಬ ಹೆಲ್ಮ್‌ಹೋಲ್ಟ್ಸ್ ಅವರ ಮೂಲ ವಿವರಣೆಯನ್ನು ಮುಂದಿನ ಅಳತೆಗಳು ದೃಢಪಡಿಸಿವೆ. ಕಣ್ಣಿನೊಳಗಿನ ಸಿಲಿಯರಿ ಸ್ನಾಯು ಸಂಕುಚಿಸಿದಾಗ ಮಸೂರವನ್ನು ಹಿಡಿದಿರುವ ಎಳೆಗಳು ಸಡಿಲಗೊಂಡು ಅದು ಉಬ್ಬುತ್ತದೆ. ವಯಸ್ಸಾದಂತೆ ಮಸೂರ ಗಡುಸಾಗುವುದರಿಂದ ಚಾಳೀಸು ಬರುತ್ತದೆ. ಸಮೀಪದೃಷ್ಟಿಯುಳ್ಳ ಬಹುತೇಕರಲ್ಲಿ ಕಣ್ಣುಗುಡ್ಡೆಯು ಬೆಳವಣಿಗೆಯಲ್ಲಿಯೇ ಉದ್ದವಾಗಿರುತ್ತದೆ. ವಯಸ್ಕರ ಕಣ್ಣಿನ ಉದ್ದ ಸುಮಾರು 24 ಮಿಲಿಮೀಟರ್. ಅದು 1 ಮಿಲಿಮೀಟರ್ ಹೆಚ್ಚಾದರೆ ಹೆಚ್ಚುಕಡಿಮೆ 2.5ರಿಂದ 3 ಡಯಾಪ್ಟರ್‌ನಷ್ಟು ಸಮೀಪದೃಷ್ಟಿ ಉಂಟಾಗುತ್ತದೆ. ಹೀಗೆ ಬೆಳೆದ ಗುಡ್ಡೆಯನ್ನು ಯಾವ ವ್ಯಾಯಾಮವೂ ಕುಗ್ಗಿಸಲಾರದು. ಅಮೆರಿಕದ ನೇತ್ರವಿಜ್ಞಾನ ಅಕಾಡೆಮಿ 2004ರಲ್ಲಿ ನಡೆಸಿದ ಪರಿಶೀಲನೆಯಲ್ಲಿ, ದೃಷ್ಟಿ ತರಬೇತಿಯಿಂದ ಸಮೀಪದೃಷ್ಟಿಯಂತಹ ದೋಷಗಳು ಗುಣವಾಗುತ್ತವೆಂಬುದಕ್ಕೆ ಪುರಾವೆ ದೊರೆಯಲಿಲ್ಲ.

ಹಾಗಿದ್ದರೂ ಅನೇಕರಿಗೆ ಸುಧಾರಣೆಯ ಅನುಭವವಾಗುವುದಕ್ಕೆ ಕಾರಣಗಳಿವೆ. ಮಸುಕಾದ ಬಿಂಬವನ್ನು ಗುರುತಿಸುವುದನ್ನು ಮೆದುಳು ಅಭ್ಯಾಸದಿಂದ ಕಲಿಯುತ್ತದೆ. ಕಣ್ಣೀರಿನ ಪದರವು ಕೆಲವೊಮ್ಮೆ ಮಸೂರದಂತೆ ವರ್ತಿಸಿ ಕ್ಷಣಕಾಲ ನೋಟವನ್ನು ತಿಳಿಯಾಗಿಸುತ್ತದೆ. ದೀರ್ಘಕಾಲ ಹತ್ತಿರದ ಕೆಲಸ ಮಾಡಿದವರಲ್ಲಿ ಸಿಲಿಯರಿ ಸ್ನಾಯುವಿನ ಸೆಳೆತದಿಂದ ತೋರುವ ತಾತ್ಕಾಲಿಕ ಸಮೀಪದೃಷ್ಟಿಯು ವಿಶ್ರಾಂತಿಯಿಂದ ಇಳಿಯುತ್ತದೆ. ಈ ಯಾವುದರಲ್ಲಿಯೂ ಕಣ್ಣಿನ ರಚನೆ ಬದಲಾಗುವುದಿಲ್ಲ.

ವಿಧಾನದ ಅಪಾಯವಿರುವುದು ಚಿಕಿತ್ಸೆಯ ವಿಳಂಬದಲ್ಲಿ. ಗ್ಲಾಕೋಮಾದಲ್ಲಿ ನಷ್ಟವಾದ ದೃಷ್ಟಿ ಮರಳಿ ಬರುವುದಿಲ್ಲ. ಮಗುವಿನ ಒಂದು ಕಣ್ಣಿನ ದೋಷಕ್ಕೆ ಸಕಾಲದಲ್ಲಿ ಕನ್ನಡಕ ಕೊಡದಿದ್ದರೆ ಆ ಕಣ್ಣು ಮಂದದೃಷ್ಟಿಗೆ ಒಳಗಾಗಬಹುದು. ದೋಷವಿರುವ ಚಾಲಕರು ಕನ್ನಡಕ ತೊರೆದು ವಾಹನ ನಡೆಸಿದರೆ ಇತರರ ಜೀವಕ್ಕೂ ಅಪಾಯವಿದೆ.

ಇಂದಿನ ತಿಳುವಳಿಕೆ

ಕಣ್ಣಿನ ಆಯಾಸ ಮತ್ತು ಕಣ್ಣಿನ ದೋಷ ಬೇರೆ ಬೇರೆ ಎಂಬುದು ಬೇಟ್ಸ್ ಅವರ ಸಿದ್ಧಾಂತದಲ್ಲಿ ಅಳಿಸಿಹೋದ ಗೆರೆ. ಆಯಾಸಕ್ಕೆ ವಿಶ್ರಾಂತಿ ನಿಜವಾದ ಮದ್ದು. ಕಂಪ್ಯೂಟರ್ ಅಥವಾ ಮೊಬೈಲ್ ಪರದೆಯನ್ನು ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಆದ್ದರಿಂದ 20 ನಿಮಿಷಕ್ಕೊಮ್ಮೆ, ಸುಮಾರು 20 ಅಡಿ ದೂರದ ವಸ್ತುವನ್ನು 20 ಸೆಕೆಂಡುಗಳ ಕಾಲ ನೋಡುವಂತೆ ಸಲಹೆ ನೀಡಲಾಗುತ್ತದೆ. ಸಾಕಷ್ಟು ಬೆಳಕು, ಆಗಾಗ ರೆಪ್ಪೆ ಮಿಟುಕಿಸುವುದು, ಸರಿಯಾದ ಕನ್ನಡಕ ಇವೂ ಆಯಾಸವನ್ನು ತಗ್ಗಿಸುತ್ತವೆ.

ಶಾಲಾ ಮಕ್ಕಳ ಸಮೀಪದೃಷ್ಟಿಯನ್ನು ತಡೆಯಬೇಕೆಂಬ ಬೇಟ್ಸ್ ಅವರ ಕಾಳಜಿಗೆ ಉತ್ತರವು ಬೇರೊಂದು ದಿಕ್ಕಿನಿಂದ ದೊರೆಯಿತು. ಚೀನಾದ ಗುವಾಂಗ್‌ಝೌ ನಗರದ 12 ಪ್ರಾಥಮಿಕ ಶಾಲೆಗಳಲ್ಲಿ ನಡೆದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಲವು ಶಾಲೆಗಳ ಮಕ್ಕಳಿಗೆ ಪ್ರತಿ ಶಾಲಾದಿನ 40 ನಿಮಿಷಗಳ ಹೆಚ್ಚುವರಿ ಹೊರಾಂಗಣ ಚಟುವಟಿಕೆ ನೀಡಲಾಯಿತು. ಮೂರು ವರ್ಷಗಳಲ್ಲಿ ಆ ಮಕ್ಕಳಲ್ಲಿ ಹೊಸದಾಗಿ ಸಮೀಪದೃಷ್ಟಿ ಕಾಣಿಸಿಕೊಂಡವರು ಶೇ. 30.4, ಉಳಿದ ಶಾಲೆಗಳಲ್ಲಿ ಶೇ. 39.5. ಹೊರಗಿನ ಪ್ರಖರ ಹಗಲು ಬೆಳಕು ಕಣ್ಣುಗುಡ್ಡೆಯ ಅತಿಬೆಳವಣಿಗೆಯನ್ನು ತಡೆಯುತ್ತದೆಂದು ಭಾವಿಸಲಾಗಿದೆ. ಇದರಲ್ಲಿ ಸೂರ್ಯನನ್ನು ನೋಡುವ ಅಗತ್ಯವಿಲ್ಲ, ಬಯಲಿನಲ್ಲಿ ಆಡಿದರೆ ಸಾಕು. ಈಗಾಗಲೇ ಬಂದಿರುವ ದೋಷ ಇದರಿಂದ ಹೋಗುವುದಿಲ್ಲ. ಅದಕ್ಕೆ ಕನ್ನಡಕವೇ ಮೊದಲಾದ ಸಾಧನಗಳು ಬೇಕು.